ಊಟ ಆತೇನ್ರಿ, ಅಕ್ಕಾರ?

ಬಿ.ಎಡ್. ಓದಲು ನಾಗನೂರಿನಿಂದ ಗೋಕಾಕಕ್ಕೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ನಮ್ಮ ಕಾಲೇಜಿನಲ್ಲಿ ಬೆಳಗಿನ ಪ್ರಾರ್ಥನೆ, ವಚನ, ಸುದ್ದಿ ಮುಗಿದ ಮೇಲೆ ಸರದಿಯಂತೆ ಒಬ್ಬರು ತಾವೇ ಬರೆದದ್ದನ್ನು ಐದು ನಿಮಿಷ ಓದಬೇಕಿತ್ತು. ಮೊದಲ ಸರದಿಗೆ ನಾನು ಘಟಪ್ರಭಾ ಹೊಳೆಯ ಬಗ್ಗೆ ಬರೆದೆ. ವಾರವಿಡೀ ತಿದ್ದಿದ್ದೆ. ಯಾರೂ ಕೇಳಲಿಲ್ಲ.

ಬಾಜೂ ಕೂಡುತ್ತಿದ್ದ ಹುಕ್ಕೇರಿಯ ಗೆಳತಿ ಮುಲಾಜಿಲ್ಲದೆ ಹೇಳಿದಳು: “ಹೊಳಿ ನಾವೂ ನೋಡೇವಿ. ನಮಗ ಗೊತ್ತಿಲ್ಲದ್ದ ಏನರ ಹೇಳ.” ಕನ್ನಡದ ಮೇಡಂ ತುಸು ಮೆತ್ತಗೆ ಅಂದರು: “ಕೇಳವರು ಯಾರು ಅನ್ನೂದು ಮೊದಲ ತಿಳ್ಕೋ. ಆಮ್ಯಾಲ ಬರಿ.”

ಸಿಟ್ಟು ಬಂತು. ಆದರೆ ನಾನು ಹಠದವಳು, ಒಂದು ತಿಂಗಳು ಬರೆಯುವುದನ್ನು ಬಿಟ್ಟು ತರಗತಿಯನ್ನೇ ನೋಡುತ್ತ ಕೂತೆ. ಮುಂದಿನ ಸಾಲಿನ ಗೋಕಾಕದವರು ಮೇಡಂ ಮುಖ ನೋಡಿ ತಲೆಯಾಡಿಸುತ್ತಿದ್ದರು, ಕಿವಿ ಮಾತ್ರ ಬೇರೆಲ್ಲೋ. ಮೂಡಲಗಿ ಬಸ್ಸಿನವರು ತಡವಾಗಿ ಬಂದು ಹಿಂದೆ ನಿಲ್ಲುತ್ತಿದ್ದರು. ಹುಕ್ಕೇರಿ ಕಡೆಯವರು ಯಾರದಾದರೂ ಚೇಷ್ಟೆ ನಡೆದರಷ್ಟೇ ತಲೆಯೆತ್ತುತ್ತಿದ್ದರು. ಎಲ್ಲರನ್ನೂ ಒಟ್ಟಿಗೆ ನಗಿಸುತ್ತಿದ್ದದ್ದು ಒಂದೇ: ಮನೆಯವರ ಪೆದ್ದುತನ. ನಮ್ಮಲ್ಲಿ ಬಹಳ ಮಂದಿ ಮನೆಗೆ ಮೊದಲ ಓದಿದವರು. ಓದದವರನ್ನು ನೋಡಿ ನಗುವ ಚಟ ನಮಗೆ ಹೊಸದಾಗಿ ಹತ್ತಿತ್ತು.

ನನ್ನ ಹತ್ತಿರ ಅವ್ವ ಇದ್ದಳು.

ಹೊಲದಲ್ಲಿದ್ದ ಅಪ್ಪನಿಗೆ ಅವ್ವ ಫೋನ್ ಮಾಡಿದರೆ ಬಹಳ ಸಲ ಹತ್ತುತ್ತಿರಲಿಲ್ಲ. ಒಬ್ಬ ಹೆಣ್ಣುಮಗಳ ದನಿ, ಅವರು ಸದ್ಯ ಸಿಗುವುದಿಲ್ಲ, ಆಮೇಲೆ ಪ್ರಯತ್ನಿಸಿ ಎನ್ನುತ್ತಿತ್ತು. ಅವ್ವ ಸೆರಗು ಸರಿಮಾಡಿಕೊಂಡು ಉತ್ತರ ಕೊಡುತ್ತಿದ್ದಳು: “ಹೌದ್ರಿ ಅಕ್ಕಾರ, ಅವರು ಹೊಲದಾಗ ಅದಾರ. ಆಮ್ಯಾಲ ಮಾಡ್ತೇನ್ರಿ. ನಿಮ್ಮದ ಊಟ ಆತೇನ್ರಿ?” ಅದು ಮಶೀನ್ ಎಂದು ನಾನು ತಿಳಿಸಿ ಹೇಳಿದಾಗ ಅವ್ವ ಅಂದದ್ದು: “ಮಶೀನ್ ಆದ್ರ ಏನಾತವಾ, ದನಿ ಹೆಣ್ಮಗಳದ ಐತೆಲ್ಲ. ದಿನಾ ಮಂದಿಗಿ ಇಲ್ಲ ಇಲ್ಲ ಅಂತ ಹೇಳೂದಂದ್ರ ಆಕಿಗೂ ಬ್ಯಾಸರ ಇರೂದಿಲ್ಲೇನ?”

ಎರಡನೆಯ ಸರದಿಗೆ ಇದನ್ನು ಬರೆದೆ. ಬರೆದು, ಆ ಕೊನೆಯ ಮಾತನ್ನು ಹೊಡೆದುಹಾಕಿದೆ. ಅದು ಇದ್ದರೆ ನಗು ಅಲ್ಲೇ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಅಷ್ಟರಮಟ್ಟಿಗೆ ನನ್ನ ಕೇಳುಗರನ್ನು ಅರಿತಿದ್ದೆ.

ನಕ್ಕರು. ಹಿಂದೆ ನಿಂತ ಮೂಡಲಗಿಯವರು ಹೊಟ್ಟೆ ಹಿಡಿದು ನಕ್ಕರು. ಮೇಡಂ ಕೂಡ ಮುಗುಳ್ನಕ್ಕರು. ಆ ದಿನ ಗೋಕಾಕದಲ್ಲಿ ನನ್ನಷ್ಟು ಸುಖಿ ಯಾರೂ ಇರಲಿಲ್ಲ, ಖರೆ ಹೇಳುತ್ತೇನೆ. ಮರುದಿನದಿಂದ ತರಗತಿಯಲ್ಲಿ ನಮಸ್ಕಾರದ ಬದಲು ಒಂದೇ ಮಾತು: “ಊಟ ಆತೇನ್ರಿ, ಅಕ್ಕಾರ?”

ತಿಂಗಳೊಳಗೆ, ಮದುವೆಯೊಂದಕ್ಕೆ ಸೀರೆ ಕೊಳ್ಳಲು ಗೋಕಾಕಕ್ಕೆ ಬಂದ ಅವ್ವ ಹೇಳದೆ ಕೇಳದೆ ಕಾಲೇಜಿಗೂ ಬಂದಳು, ಕೈಯಲ್ಲಿ ರೊಟ್ಟಿಯ ಗಂಟು. ಮಧ್ಯಾಹ್ನದ ಬಿಡುವು. ನನ್ನ ಅವ್ವ ಎಂದು ಗೊತ್ತಾದದ್ದೇ ತಡ, ಗೆಳತಿಯರು ಸುತ್ತುಗಟ್ಟಿ ಒಂದೇ ದನಿಯಲ್ಲಿ ಕೇಳಿದರು: “ಊಟ ಆತೇನ್ರಿ, ಅಕ್ಕಾರ?”

ಅವ್ವನ ಮುಖ ಅರಳಿತು. “ಇನ್ನೂ ಇಲ್ಲವಾ, ಬರ್ರಿ, ಕೂಡೇ ಉಣ್ಣೋಣು” ಎಂದು ಅಲ್ಲೇ ಗಂಟು ಬಿಚ್ಚಿದಳು. ಕಟಕ ರೊಟ್ಟಿ, ಝುಣಕ, ಶೇಂಗಾ ಚಟ್ನಿ. ಒಬ್ಬೊಬ್ಬರ ಕೈಗೂ ಹಾಕಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಗುತ್ತ ತಿಂದರು. ನನಗೆ ಹಾಕಿದ ರೊಟ್ಟಿ ನುಂಗಲಾರದ ಬಿಸಿ ತುಪ್ಪವಾಯಿತು. ಸುಮ್ಮನಿರ್ರಿ ಅಂದರೆ ಅವ್ವನಿಗೆ ತಿಳಿಯುತ್ತದೆ, ಅನ್ನದಿದ್ದರೆ ನಗು ನಿಲ್ಲುವುದಿಲ್ಲ.

ಕೊನೆಗೆ ಹುಕ್ಕೇರಿಯ ಗೆಳತಿಯೇ, ಕೆಟ್ಟ ಮನಸ್ಸಿನಿಂದಲ್ಲ, ಅಕ್ಕರೆಯಿಂದಲೇ ಕೇಳಿದಳು: “ಅವ್ವಾರ, ಫೋನಿನ ಅಕ್ಕಾರ ಆರಾಮ ಅದಾರಿಲ್ರಿ? ನಿಮ್ಮ ಮಗಳು ಎಲ್ಲಾ ಓದಿ ಹೇಳ್ಯಾಳ್ರಿ ನಮಗ.”

ಅವ್ವ ನನ್ನ ಕಡೆ ನೋಡಿದಳು. ಬಹಳ ಹೊತ್ತೇನಲ್ಲ. ಆಮೇಲೆ ಅವರ ಜೊತೆ ತಾನೂ ನಕ್ಕಳು. “ನಾ ಸಾಲಿ ಕಲತಾಕಿ ಅಲ್ಲವಾ, ನನಗೇನ ತಿಳೀತೈತಿ. ಇನ್ನೊಂದ ರೊಟ್ಟಿ ತಗೋ.”

ಸಂಜೆ ಊರಿಗೆ ಮರಳುವ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಸೀರೆಯ ಅಂಚಿನ ಬಗ್ಗೆಯೇ ಮಾತಾಡಿದಳು. ತಪ್ಪಾತವಾ ಅನ್ನಲು ಮೂಡಲಗಿ ರಸ್ತೆಯುದ್ದಕ್ಕೂ ಬಾಯಿ ತೆರೆದೆ, ಮುಚ್ಚಿದೆ.

ಮುಂದಿನ ಸರದಿಗೆ ಹೊಡೆದುಹಾಕಿದ ಆ ಮಾತನ್ನೇ ಬರೆದುಕೊಂಡು ಹೋದೆ. ದನಿ ಹೆಣ್ಮಗಳದ ಐತೆಲ್ಲ ಎಂದು ಓದುವಷ್ಟರಲ್ಲಿ ಇಡೀ ತರಗತಿ ನಗುತ್ತಿತ್ತು. ಬ್ಯಾಸರದ ಸಾಲು ಯಾರಿಗೂ ಕೇಳಿಸಲಿಲ್ಲ. ಗದರಬೇಕೆನಿಸಿತು, ಆಗಲಿಲ್ಲ. ಅವ್ವನ ಮಾತೆಂದರೆ ನಗಬೇಕು ಎಂದು ಅವರಿಗೆ ಕಲಿಸಿದವಳು ನಾನೇ. ನಾನು ಕಲಿಸಿದ ಮೊದಲ ಪಾಠ ಅದು, ಚೆನ್ನಾಗಿ ಕಲಿತಿದ್ದರು.

ಆ ಸಂಜೆ ಅವ್ವ ಅಪ್ಪನಿಗೆ ಫೋನ್ ಹಚ್ಚಿದಳು. ಅದೇ ಹೆಣ್ಣುದನಿ ಬಂತು. ಅವ್ವ ಕೊನೆಯ ತನಕ ಕೇಳಿಸಿಕೊಂಡು ಫೋನನ್ನು ಕಟ್ಟೆಯ ಮೇಲಿಟ್ಟಳು.

“ಯಾಕವಾ, ಮಾತಾಡ್ಲಿಲ್ಲ?” ಅಂದೆ.

“ಅದು ಮಶೀನ್ ಅಂತ ನೀನ ಹೇಳಿದ್ದೆಲ್ಲವಾ” ಎಂದು ಒಳಗೆ ಹೋದಳು.