ಬಾಗಿಲ ಕೆಳಗಿನ ಏಳು ಗೆರೆ

ನನಗೆ ಹಾವು ಚೇಳಿನ ಭಯ ಅಷ್ಟಾಗಿ ಇಲ್ಲ. ಯಾರಾದರೂ ಎದುರಿಗೆ ದೊಡ್ಡ ಹಾಳೆ ಬಿಚ್ಚಿ "ನೋಡಿ ಸಾರ್" ಅಂದರೆ ಮಾತ್ರ ಕೈಕಾಲು ತಣ್ಣಗಾಗುತ್ತವೆ.

ಚಾಮರಾಜಪೇಟೆಯ ನಮ್ಮ ಹೆಂಚಿನ ಮನೆ ಕೆಡವಿ ಹೊಸದು ಕಟ್ಟಲು ಹೊರಟಾಗ ಎಂಜಿನಿಯರು ಹಾಗೇ ಬಿಚ್ಚಿದರು. "ಇದು ಫ್ರಂಟ್ ಎಲಿವೇಶನ್. ರಸ್ತೇಲಿ ನಿಂತ್ರೆ ಮನೆ ಹೀಗೆ ಕಾಣತ್ತೆ." ಕಿಟಕಿ ಕಂಡಿತು, ಬಾಗಿಲು ಕಂಡಿತು. ಬಾಗಿಲ ಕೆಳಗೆ ಅಡ್ಡಡ್ಡ ಏಳು ಗೆರೆ. ಏನೋ ಅಲಂಕಾರವಿರಬೇಕು ಅಂದುಕೊಂಡು ಕೋಲೆಬಸವನ ಹಾಗೆ ತಲೆ ಆಡಿಸಿ ಸಹಿ ಹಾಕಿದೆ. ಮೂವತ್ತು ವರ್ಷ "ಅರ್ಥ ಆಗದಿದ್ರೆ ಕೇಳ್ರೋ" ಎಂದು ಮಕ್ಕಳನ್ನು ಗದರಿದ ಮೇಷ್ಟ್ರು ನಾನು! ನನಗೇ ತಿಳಿಯಲಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?

ಅಮ್ಮನಿಗೆ ಎಪ್ಪತ್ತಾರು, ಎರಡೂ ಮಂಡಿ ನೋವು. ಬಾಡಿಗೆ ಮನೆಯ ಮಂಚದ ಮೇಲೆ ಆ ಹಾಳೆ ಹಾಸಿಕೊಂಡು, ಜೀವಮಾನವಿಡೀ ರಂಗೋಲಿ ಎಳೆದ ಬೆರಳಿನಿಂದ ಗೆರೆಗಳನ್ನು ಎಣಿಸಿದಳು.

"ಇದು ಮೆಟ್ಟಿಲಲ್ವೇನೋ? ಏಳು ಮೆಟ್ಟಿಲು ನಾನು ಹೆಂಗೋ ಹತ್ಲಿ?"

ಹೌದು, ಮೆಟ್ಟಿಲೇ. ಎಲಿವೇಶನ್ನಿನಲ್ಲಿ ಉದ್ದವಿದೆ, ಎತ್ತರವಿದೆ, ಹಿಂದುಮುಂದು ಇಲ್ಲ. ಮುಂದಕ್ಕೆ ಚಾಚಿದ ಮೆಟ್ಟಿಲೂ ಹಿಂದಿನ ಗೋಡೆಯೂ ಒಂದೇ ಹಪ್ಪಳದ ಹಾಗೆ ಚಪ್ಪಟೆಯಾಗಿರುತ್ತವೆ. ಪಾಪ, ಹಾಳೆಯೇನೂ ಸುಳ್ಳು ಹೇಳಿರಲಿಲ್ಲ. ಪ್ರತಿ ಸಲ ಟಾರು ಹಾಕಿದಾಗಲೂ ರಸ್ತೆ ಏರಿ ಏರಿ, ಹಳೇ ಮನೆಯ ಅಡುಗೆಮನೆಗೆ ಮಳೆನೀರು ನುಗ್ಗುತ್ತಿತ್ತಲ್ಲ, ಅದಕ್ಕೇ ಎಂಜಿನಿಯರು ಹೊಸ ಮನೆಯನ್ನು ರಸ್ತೆಗಿಂತ ಎತ್ತರಿಸಿದ್ದರು.

ಮಾರನೆಯ ದಿನವೇ ಮುಂಭಾಗದ ಕಾಂಕ್ರೀಟು. ಗೃಹಪ್ರವೇಶಕ್ಕೆ ಅಮ್ಮನನ್ನು ಎತ್ತಿಕೊಂಡು ಹತ್ತಿಸಬಹುದು, ಆಮೇಲೆ? ದಿನಾ ಬೆಳಗ್ಗೆ ರಂಗೋಲಿಗೆ ಇಳಿಯುವವಳು ಮತ್ತೆಂದೂ ಇಳಿಯುವುದಿಲ್ಲ. ನನ್ನ ಮನೆ, ನನ್ನ ಸಹಿ, ಅಮ್ಮನಿಗೆ ಸೆರೆ. ಆಟೋ ಹತ್ತಿ ಎಂಜಿನಿಯರ ಆಫೀಸಿಗೆ ಓಡಿದೆ.

"ನನಗೆ ಆ ಡ್ರಾಯಿಂಗ್ ಅರ್ಥವೇ ಆಗಿರ್ಲಿಲ್ಲ" ಅಂದೆ.

ಎಂಜಿನಿಯರು ನಕ್ಕರು. "ಯಾರಿಗ್ ಆಗತ್ತೆ ಸಾರ್? ಎಲ್ರೂ ತಲೆ ಆಡಿಸ್ತಾರೆ, ಗೃಹಪ್ರವೇಶದ ದಿನ ಬೈತಾರೆ. ಪಕ್ಕದಲ್ಲಿ ಒಂದು ಇಳಿಜಾರು ಮಾಡಿ ಕಂಬಿ ಹಾಕೋಣ ಬಿಡಿ."

ಈಗ ಅಮ್ಮ ಕಂಬಿ ಹಿಡಿದು ತಾನೇ ಇಳಿದು ರಂಗೋಲಿ ಇಡುತ್ತಾಳೆ. ನಾನು ಧೈರ್ಯವಂತನಾದೆ ಅಂದುಕೊಂಡಿರಾ? ಮೊನ್ನೆ ಡಾಕ್ಟರು ಅವಳ ಮಂಡಿಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು "ನೋಡಿ ಸಾರ್" ಅಂದರು. ಬರೀ ಬಿಳಿ ಮಸುಕು. ಕೈಕಾಲು ತಣ್ಣಗಾದವು, ತಲೆ ತಾನಾಗಿ ಆಡತೊಡಗಿತು.

ಅಮ್ಮ ಮೊಣಕೈಯಿಂದ ತಿವಿದಳು. "ಕೇಳೋ."