ಅಳತೆಗೆ ಸಿಟ್ಟಾದವರು

ನಾನು ಹಟಮಾರಿ. ಅದನ್ನು ಹೊಗಳಿಕೆ ಎಂದೇ ತಿಳಿದವಳು. ಅಂಥ ನಾನು ಕಳೆದ ವರ್ಷ ಒಂದು ಬಣ್ಣದ ಚಿತ್ರಕ್ಕೆ ಹೆದರಿ ಒಂದು ತಿಂಗಳು ಬುದ್ಧಿಯನ್ನು ಯಾರದೋ ಕೈಗೆ ಕೊಟ್ಟಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ. ಮೂರು ಮಿಷನ್ನು, ಒಂದು ಕನ್ನಡಿ, ಬಂದವರು ಕೂರಲು ಒಂದು ಬೆಂಚು. ಅಳತೆ ತೆಗೆದು ಬಟ್ಟೆ ಕತ್ತರಿಸುವವಳು ನೂರ್ಜಹಾನ್. ಇಪ್ಪತ್ತು ವರ್ಷದಿಂದ ನನ್ನ ಜೊತೆಗಿದ್ದಾಳೆ. ಅವಳು ಮುಂದೆ ಕನ್ನಡಿಯ ಹತ್ತಿರ ಟೇಪು ಹಿಡಿದು ಅಳತೆ ಕೂಗುತ್ತಾಳೆ, ನಾನು ಹಿಂದಿನ ಮೇಜಿನಲ್ಲಿ ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಅವಳ ಕತ್ತರಿಯ ಮೇಲಿರುವಷ್ಟು ನಂಬಿಕೆ ನನಗೆ ನನ್ನ ಮೇಲೂ ಇಲ್ಲ.

ನಮ್ಮ ಕಡೆಯ ಹೆಂಗಸರು ಹೊಸ ಬಟ್ಟೆಯ ಜೊತೆ ಹಳೇ ಬ್ಲೌಸೊಂದನ್ನು ತರುತ್ತಾರೆ. ಅದಕ್ಕೆ ಅಳತೆ ಬ್ಲೌಸ್ ಎಂದೇ ಹೆಸರು. "ಇದ್ರ ಅಳ್ತೆಗೇ ಹೊಲೀರಿ" ಎನ್ನುತ್ತಾರೆ. ಆ ಬ್ಲೌಸು ಯಾವ ಕಾಲದ್ದು ಎಂದು ಮಾತ್ರ ಕೇಳಬಾರದು. ಚೌಳಹಿರಿಯೂರಿನಿಂದ ಬರುವ ಟೀಚರೊಬ್ಬರು ತಂದದ್ದು ಮಗಳು ಹುಟ್ಟುವುದಕ್ಕೆ ಮುಂಚಿನದು. ಆ ಮಗಳು ಕಾಲೇಜಿನ ಬ್ಯಾಗು ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದಳು! ನೂರ್ಜಹಾನ್ ಬ್ಲೌಸನ್ನು ಚೆಂದಾಗಿ ಮಡಿಸಿ ವಾಪಸು ಕೊಟ್ಟು, "ಇದು ನಿಮ್ದೇ ಮೇಡಂ, ಆದ್ರೆ ಈಗಿನ್ ನಿಮ್ದಲ್ಲ. ಕೈ ಎತ್ತಿ" ಎಂದು ಟೇಪು ಸುತ್ತಿದಳು. ಆಮೇಲೆ ತೋಳು ಇಷ್ಟು, ಸೊಂಟ ಇಷ್ಟು ಎಂದು ಬೀದಿಗೇ ಕೇಳುವಂತೆ ಕೂಗಿದಳು.

ಯೋಚಿಸಿದರೆ ತಮಾಷೆಯ ಸಂಗತಿ. ಒಂದು ಕಾಲದಲ್ಲಿ ಮನುಷ್ಯ ತನ್ನ ಮೈಯಿಂದಲೇ ಲೋಕವನ್ನು ಅಳೆಯುತ್ತಿದ್ದ. ಬಟ್ಟೆಗೆ ಗೇಣು, ಹೂವಿಗೆ ಮೊಳ, ಬಾವಿಯ ಹಗ್ಗಕ್ಕೆ ಮಾರು. ಆಗ ಯಾರಿಗೂ ಬೇಜಾರಿರಲಿಲ್ಲ. ಲೋಕ ತಿರುಗಿ ಮನುಷ್ಯನ ಮೈ ಅಳೆಯಲು ಹೊರಟಿತೋ, ಮುಖ ಊದಿಕೊಂಡಿತು. ಹೊಲ ಅಳೆಯಲು ಸರ್ವೆಯವರು ಬಂದಾಗ ಖಾತೆಯಲ್ಲಿ ಇರುವುದಕ್ಕಿಂತ ಒಂದು ಗುಂಟೆ ಜಾಸ್ತಿ ಬರಲಿ ಎಂದು ಹರಸಿಕೊಳ್ಳುವವರೇ ನನ್ನ ಅಂಗಡಿಯಲ್ಲಿ ಅರ್ಧ ಇಂಚು ಜಾಸ್ತಿ ಬಂದರೆ ಟೇಪನ್ನೇ ಅನುಮಾನಿಸುತ್ತಾರೆ.

ಹೀಗಿರುವಾಗ ಕಡೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನನ್ನ ತಂಗಿಯ ಮಗಳು ಚೈತ್ರ ಬಂದಳು. ಲ್ಯಾಪ್‌ಟಾಪ್ ತೆರೆದು, "ದೊಡ್ಡಮ್ಮಾ, ನಿಮ್ ಅಂಗ್ಡಿ ರಿವ್ಯೂಗಳದ್ದೆಲ್ಲಾ ಸೆಂಟಿಮೆಂಟ್ ಅನಾಲಿಸಿಸ್ ಮಾಡಿದೀನಿ" ಎಂದಳು. ಸೆಂಟಿಮೆಂಟ್ ಎಂದರೆ ಸಿನಿಮಾದಲ್ಲಿ ತಾಯಿ ಅಳುವುದು ಎಂದಷ್ಟೇ ನನಗೆ ಗೊತ್ತಿತ್ತು. ಜನ ಫೋನಿನಲ್ಲಿ ಬರೆದ ಮಾತನ್ನೆಲ್ಲ ಕಂಪ್ಯೂಟರು ಓದಿ, ಖುಷಿಯಾಗಿದ್ದರೆ ಹಸಿರು, ಸಿಟ್ಟಾಗಿದ್ದರೆ ಕೆಂಪು ಬಳಿದು ಒಂದು ಚಿತ್ರ ಮಾಡಿಕೊಡುತ್ತದಂತೆ. ಕೆಂಪಿನ ಸುತ್ತ ಯಾವ ಪದ ಹೆಚ್ಚಾಗಿ ಬಂದಿದೆ ಎಂದೂ ಹೇಳುತ್ತದಂತೆ. ನಮ್ಮ ಕೆಂಪಿನ ಸುತ್ತ ಇದ್ದದ್ದು ಎರಡೇ: ಅಳತೆ, ಮತ್ತು ಅಳತೆ ತೆಗೆಯುವ ಹೆಂಗಸು. "ಅವ್ರನ್ನ ಒಳಗಡೆ ಕೂರಿಸಿ, ಮುಂದೆ ನೀವೇ ನಿಂತ್ಕೊಳ್ಳಿ. ಬಿಸಿನೆಸ್ ಇಂಪ್ರೂವ್ ಆಗುತ್ತೆ" ಎಂದಳು ಚೈತ್ರ.

ಕೂರಿಸಿದೆ. ನೂರ್ಜಹಾನ್ ಟೇಪನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಅವಳಿಗೆ ನೋವಾಗಿದೆ ಎಂದು ಅವತ್ತೇ ನನಗೆ ಅರ್ಥವಾಗಬೇಕಿತ್ತು, ಆಗಲಿಲ್ಲ.

ನಾನು ಟೇಪು ಮುಟ್ಟಲೇ ಇಲ್ಲ. ಬಂದವರಿಗೆಲ್ಲ "ಒಂಚೂರೂ ದಪ್ಪ ಆಗಿಲ್ಲ ಕಣ್ರೀ ನೀವು" ಎಂದು ನಕ್ಕು, ಅವರು ತಂದ ಹಳೇ ಬ್ಲೌಸಿನ ಅಳತೆಗೇ ಹೊಲಿಸಿದೆ. ಚಿತ್ರವೆಲ್ಲ ಹಸಿರಾಯಿತು! ಎಷ್ಟು ಪ್ರೀತಿಯಿಂದ ಮಾತಾಡಿಸುತ್ತಾರೆ ಎಂದು ಬರೆದರು. ಅಂಗಡಿ ಬಿಡುವ ಮೊದಲೇ ಬರೆದರು, ಬ್ಲೌಸು ತೊಡುವ ಮೊದಲು. ಹದಿನೈದು ದಿನಕ್ಕೆ ಅದೇ ಹಸಿರಿನವರು ಚೀಲ ಹಿಡಿದು ಬಂದರು. ಹುಕ್ಕು ಕೂರುವುದಿಲ್ಲ, ಕೈ ಎತ್ತಿದರೆ ಹೊಲಿಗೆ ಬಿಡುತ್ತದೆ. ಒಳ್ಳೇದು ಬರೆದ ಕೈಯಲ್ಲಿ ಕೆಟ್ಟದ್ದು ಬರೆಯಲು ಸಂಕೋಚ. ಫೋನಿನಲ್ಲಿ ಯಾರೂ ಏನೂ ಹೇಳಲಿಲ್ಲ. ಆಲ್ಟರೇಷನ್ ರಾಶಿ ಬೆಂಚಿನ ಎತ್ತರಕ್ಕೆ ಬಂತು. ಅದನ್ನು ಓದುವ ಕಂಪ್ಯೂಟರು ಎಲ್ಲಿದೆ, ಹೇಳಿ!

ಆ ರಾಶಿಯ ಪಕ್ಕದಲ್ಲೇ ನಿಂತು ನೂರ್ಜಹಾನ್ ಒಂದು ಸಂಜೆ ಹೇಳಿದಳು, "ಅಕ್ಕಾ, ಕಡೂರಲ್ಲಿ ಒಂದ್ ಅಂಗ್ಡಿಯವ್ರು ಕರೀತಾವ್ರೆ. ಮುಂದಿನ್ ತಿಂಗ್ಳಿಂದ ಅಲ್ಲಿಗ್ ಹೋಗ್ತೀನಿ."

ಇಪ್ಪತ್ತು ವರ್ಷದ ಜೊತೆ ಒಂದು ಕೆಂಪು ಬಣ್ಣಕ್ಕೆ ಹೋಗುತ್ತದೆಯೇ? ಬೇಡ ಕಣೇ ಎಂದೆ. "ನನ್ ಮೇಲೆ ಏನ್ ಬರ್ದವ್ರೆ, ಒಂದ್ಸಲ ಓದಿ ಅಕ್ಕಾ. ನೀವೂ ಓದಿಲ್ಲ, ನಂಗೂ ಓದ್ ಹೇಳಿಲ್ಲ" ಎಂದಳು.

ನಿಜ, ಬಣ್ಣ ನೋಡಿದ್ದೆ, ಮಾತು ಓದಿರಲಿಲ್ಲ. ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದೆ. ಬ್ಲೌಸು ಸರಿಯಿಲ್ಲ ಎಂದವರು ಒಬ್ಬರೂ ಇಲ್ಲ. ಫಿಟ್ಟಿಂಗ್ ಅಂದರೆ ಇದು ಎಂದೇ ಸುಮಾರು ಜನ ಬರೆದಿದ್ದರು. ಸಿಟ್ಟೆಲ್ಲ ಒಂದಕ್ಕೇ: ಬೆಂಚಿನಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ ನನ್ನ ಸೊಂಟದ ಸುತ್ತಳತೆ ಕೂಗಿದರು.

"ಕೂಗೋದ್ಯಾಕೆ ಮತ್ತೆ?" ಎಂದೆ, ಸ್ವಲ್ಪ ಜೋರಾಗಿಯೇ.

ನೂರ್ಜಹಾನ್ ಟೇಪನ್ನು ಬೆರಳಿಗೆ ಸುತ್ತುತ್ತಾ ನಿಂತಳು. "ನಿಮ್ಗೆ ಕಿವಿ ಕೇಳ್ಸಲ್ಲ ಅಕ್ಕಾ. ಆರೇಳ್ ವರ್ಷ ಆಯ್ತು. ಮೆಲ್ಲಗ್ ಹೇಳಿದ್ರೆ ಪುಸ್ತಕದಾಗೆ ಬರ್ಕೊಳ್ಳೋದೇ ಇಲ್ಲ ನೀವು. ನಿಮ್ಗೆ ಬೇಜಾರಾಗುತ್ತೆ ಅಂತ ಹೇಳಿರ್ಲಿಲ್ಲ."

ನನಗೆ ಸಿಟ್ಟು ಬಂತು, ನಗು ಬಂತು, ಕೊನೆಗೆ ಅಳುವೂ ಬಂತು. ಮರುದಿನ ನನ್ನ ಮೇಜನ್ನು ಎಳೆದು ತಂದು ಅವಳ ಮಗ್ಗುಲಿಗೇ ಹಾಕಿಕೊಂಡೆ. ಈಗ ಅವಳು ನನ್ನ ಕಿವಿಯಲ್ಲೇ ಅಳತೆ ಹೇಳುತ್ತಾಳೆ. ಕಡೂರಿನವರಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದಳು. ಕೆಂಪು ಬಿದ್ದ ಒಂದೊಂದು ಮಾತಿನ ಕೆಳಗೂ ನಾನೇ ಬರೆದೆ: ತಪ್ಪು ನನ್ನ ಕಿವಿಯದು, ಅವಳದಲ್ಲ, ಟೇಪು ಅವಳ ಕೈಯಲ್ಲೇ ಇರುತ್ತದೆ. "ಹೀಗೆಲ್ಲಾ ಬರೀಬಾರ್ದು ದೊಡ್ಡಮ್ಮಾ" ಎಂದು ಚೈತ್ರ ಫೋನಿನಲ್ಲಿ ಕೂಗಾಡಿದಳು. ಅವಳು ಕೂಗಿದ್ದು ಚೆನ್ನಾಗಿಯೇ ಕೇಳಿಸಿತು. ಅಳಿಸುವುದಿಲ್ಲ ಹೋಗೇ ಎಂದೆ.

ಊರಿನವರ ಅಳತೆಯನ್ನೆಲ್ಲ ಮುಖದ ಮೇಲೆ ಹೇಳಿದವಳು ನನ್ನ ಕಿವಿಯದೊಂದನ್ನು ಮಾತ್ರ ಆರೇಳು ವರ್ಷ ಯಾರಿಗೂ ತಿಳಿಯದ ಹಾಗೆ ಕಾಪಾಡಿದ್ದಳು, ಅದಕ್ಕಾಗಿ ಊರಿನ ಸಿಟ್ಟನ್ನೆಲ್ಲ ತಾನೇ ತಿಂದಿದ್ದಳು. ಇದಕ್ಕೆ ಯಾವ ಬಣ್ಣ ಬಳಿಯುತ್ತೀರೋ ಬಳಿದುಕೊಳ್ಳಿ.