ಮೈಕಿನಲ್ಲಿ ಹೇಳಿದ ಸೊಪ್ಪಿನ ಹೆಸರು

ಬಸವೇಶ್ವರನಗರದ ನಮ್ಮ ಪಾರ್ಕಿನಲ್ಲಿ ಹೋದ ವಾರ ಕಳೆ ಕೀಳುತ್ತಿದ್ದರು. ಮಳೆ ಬಿದ್ದು ನಾಲ್ಕು ದಿನವಾಗಿತ್ತು. ಬೇರುಸಹಿತ ಮಗುಚಿ ಬಿದ್ದ ಹಸಿ ಸೊಪ್ಪಿನ ಕಹಿ ವಾಸನೆ ನಾನು ಕೂತಿದ್ದ ಬೆಂಚಿನ ತನಕ ಬಂತು. ವಾಕಿಂಗಿಗೆ ಬಂದವರೆಲ್ಲ ಆಹಾ ಎಂದು ಮೂಗರಳಿಸಿಕೊಂಡು ಹೋದರು. ನಾನು ಮಾತ್ರ ಇನ್ನೂ ಎರಡು ಸುತ್ತು ಬಾಕಿಯಿದ್ದರೂ ಎದ್ದು ಮನೆಗೆ ಬಂದುಬಿಟ್ಟೆ. ಆ ಕಳೆಯ ಗುಡ್ಡೆಯಲ್ಲಿ ನನ್ನ ಅತ್ತೆಯ ಸೊಪ್ಪೂ ಇತ್ತು.

ಅತ್ತೆ ಎಂದ ಕೂಡಲೇ ಸೊಸೆಯ ದೂರು ಶುರುವಾಯಿತು ಎಂದುಕೊಳ್ಳಬೇಡಿ. ಇಲ್ಲಿ ದೂರೇನಾದರೂ ಇದ್ದರೆ ಅದು ನನ್ನ ಮೇಲೇ.

ನಾನು ಮದುವೆಯಾಗಿ ಬಂದದ್ದು ಐವತ್ತರ ದಶಕದಲ್ಲಿ. ರಾಜಾಜಿನಗರ ಆಗಷ್ಟೇ ಏಳುತ್ತಿತ್ತು. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು; ಸೈಟುಗಳ ತುಂಬ ಗಿಡಗಂಟಿ, ಅದನ್ನು ಮೇಯಲು ಬರುವ ಎಮ್ಮೆಗಳು. ನನ್ನವರು ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಅತ್ತೆ ಅತ್ತಿಗುಪ್ಪೆಯವರು, ರಾಗಿ ಹೊಲದಲ್ಲಿ ಬೆಳೆದವರು. ನಾನೋ ಹೈಸ್ಕೂಲು ಮುಗಿಸಿದವಳು. ಆ ಬೀದಿಯಲ್ಲಿ ಅಷ್ಟು ಓದಿದ ಹೆಂಗಸು ನಾನೊಬ್ಬಳೇ ಎಂಬ ವಿಷಯವನ್ನು ನಾನು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ.

ಬಡಾವಣೆಯಲ್ಲಿ ಮಹಿಳಾ ಸಮಾಜ ಹುಟ್ಟಿದಾಗ ಭಾಷಣಕ್ಕೆ ಜನ ಬೇಕಾಯಿತು. ನಾನು ಸಿಕ್ಕಿದೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ನಮ್ಮ ಸಂಸ್ಕೃತಿ, ಕೈಕಸುಬು, ಪ್ರಕೃತಿ ಚಿಕಿತ್ಸೆ ಎಂದು ಏನಾದರೊಂದು ಮಾತಾಡಬೇಕು. ಬುಟ್ಟಿ ಹೆಣೆಯುವ ಕಲೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ಜನ್ಮದಲ್ಲಿ ಒಂದು ಬಿದಿರು ಸೀಳಿದವಳಲ್ಲ. ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ ಹಾಕಿಕೊಂಡರೆ ಯಾವ್ಯಾವ ರೋಗ ಹೋಗುತ್ತದೆ ಎಂದು ಒಂದು ಕಿರುಪುಸ್ತಕ ನೋಡಿ ಉರು ಹೊಡೆದು ಒಪ್ಪಿಸಿದೆ. ಮನೆಗೆ ಬಂದು, ಕಾಲಿಗೆ ಮಣ್ಣು ಮೆತ್ತಿಕೊಂಡು ಒಳಗೆ ಬಂದರೆಂದು ಅತ್ತೆಯ ಮೇಲೆ ರೇಗಿದೆ.

ಅತ್ತೆ ಕಾಮಾಲೆಗೆ ಮದ್ದು ಕೊಡುತ್ತಿದ್ದರು. ಭಾನುವಾರ ಬೆಳಕು ಹರಿಯುವ ಮುಂಚೆ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ, ಯಾರೊಂದಿಗೂ ಮಾತಾಡದೆ ಹೋಗಿ ಸೊಪ್ಪು ತರುವುದು; ಹಾಲಿನಲ್ಲಿ ಅರೆದು, ಬಂದವರನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಬರಿಹೊಟ್ಟೆಗೆ ಕುಡಿಸುವುದು. ಹೇರೋಹಳ್ಳಿಯಿಂದ, ಕೆಂಗೇರಿಯಿಂದ ಗಾಡಿ ಕಟ್ಟಿಕೊಂಡು ಜನ ಬಂದು ನಮ್ಮ ಹೊಸ ಮನೆಯ ಜಗಲಿಯ ಮೇಲೆ ಕೂರುತ್ತಿದ್ದರು. ಎದುರುಮನೆಯ ಇಂಜಿನಿಯರ್ ಹೆಂಡತಿ ಏನೆಂದುಕೊಂಡಾಳೋ ಎಂದು ನಾನು ಕಿಟಕಿಯ ಪರದೆ ಎಳೆದುಕೊಳ್ಳುತ್ತಿದ್ದೆ. ಅತ್ತೆಗೆ ಅದೊಂದೂ ಕಾಣುತ್ತಿರಲಿಲ್ಲ. ವಾರದ ಆರು ದಿನ ನನ್ನ ಮನೆಯಲ್ಲಿ ಮುದುರಿಕೊಂಡಿರುತ್ತಿದ್ದ ಆ ಹೆಂಗಸು ಭಾನುವಾರ ಬೆಳಿಗ್ಗೆ ನೆಟ್ಟಗೆ ನಿಲ್ಲುತ್ತಿದ್ದರು. 'ಎಣ್ಣೆ ಮುಟ್ಬ್ಯಾಡ, ಒಗ್ಗರಣೆ ಬ್ಯಾಡ' ಎಂದು ಪಟೇಲರಿಗೂ ಗದರುತ್ತಿದ್ದರು.

ಆ ಸೊಪ್ಪಿನ ಹೆಸರು ಹೇಳಬಾರದು. ಅವರ ಕಡೆಯ ಕಟ್ಟಳೆ ಅದು. ಒಬ್ಬರಿಂದ ಒಬ್ಬರಿಗೆ, ಗ್ರಹಣದ ಹೊತ್ತಿನಲ್ಲಿ, ಕಿವಿಯಲ್ಲಿ ಮಾತ್ರ. ಅತ್ತೆಗೆ ಅವರ ಅತ್ತೆ ಹಾಗೇ ಹೇಳಿದ್ದರಂತೆ. ಗಟ್ಟಿಯಾಗಿ ನಾಲ್ಕು ಜನರ ಮುಂದೆ ಹೇಳಿದರೆ ಕೈಯ ಗುಣ ಹೋಗುತ್ತದೆ. ಅವರಿಗೆ ಹೆಣ್ಣುಮಕ್ಕಳಿರಲಿಲ್ಲ. ಒಂದು ಗ್ರಹಣದ ದಿನ ನನ್ನನ್ನು ಹಿತ್ತಿಲಿಗೆ ಕರೆದು, ಕಿವಿಯ ಹತ್ತಿರ ಬಾಯಿ ತಂದು, ಹೇಳಿದರು.

'ನನ್ ಕೈ ಆದ್ಮೇಲೆ ನಿನ್ ಕೈ ಕಣಮ್ಮ. ಯಾರ್ಗೂ ಅನ್ಬ್ಯಾಡ.'

'ಇದಾ? ಇದು ಎಲ್ಲ ಕಡೆ ಬೆಳೆಯುತ್ತಲ್ಲ ಅತ್ತೆ! ಎಷ್ಟೋ ಜನಕ್ಕೆ ಗೊತ್ತಿರುತ್ತೆ' ಎಂದೆ.

'ಗೊತ್ತಿರೋದು ಬ್ಯಾರೆ, ಅನ್ನೋದು ಬ್ಯಾರೆ' ಎಂದು ಒಳಗೆ ಹೋದರು. ನನಗೆ ನಗು ಬಂದಿತ್ತು.

ಇನ್ನು ಆ ಶನಿವಾರದ ವಿಷಯಕ್ಕೆ ಬರುತ್ತೇನೆ. ಬೇಗ ಹೇಳಿ ಮುಗಿಸಬೇಕೆನಿಸುತ್ತದೆ, ಆದರೆ ಪೂರ್ತಿಯಾಗಿಯೇ ಹೇಳುತ್ತೇನೆ. ಅಂದಿನ ವಿಷಯ ಮನೆಮದ್ದು. ಹೊಸದಾಗಿ ಮೈಕು ತರಿಸಿದ್ದರು. ಅತ್ತೆ ತಾವಾಗಿಯೇ 'ನಾನೂ ಬತ್ತೀನಿ, ನೀ ಮಾತಾಡದ್ನ ಒಂದ್ಸಲನೂ ಕೇಳಿಲ್ಲ' ಎಂದು ಮಗನ ಮದುವೆಯ ಸೀರೆ ಉಟ್ಟುಕೊಂಡು ಹೊರಟರು. ಹಿಂದಿನ ಸಾಲಿನಲ್ಲಿ, ಗೋಡೆಗೊರಗಿ ಕೂತರು. ನಾನು ಅವರನ್ನು ಯಾರಿಗೂ ಪರಿಚಯಿಸಲಿಲ್ಲ.

ಶುಂಠಿ, ಜೀರಿಗೆ, ಮೆಂತ್ಯ ಎಂದು ಹತ್ತು ನಿಮಿಷ ಹೇಳುವಷ್ಟರಲ್ಲಿ ಮುಂದಿನ ಸಾಲು ತೂಕಡಿಸತೊಡಗಿತು. ಅಧ್ಯಕ್ಷರು ಬಾಯಿಗೆ ಸೆರಗು ಹಿಡಿದು ಆಕಳಿಸಿದರು. ಎದುರುಮನೆಯಾಕೆ ಪಕ್ಕದವಳ ಬಳೆ ಹಿಡಿದು ನೋಡುತ್ತಿದ್ದಳು. ನನ್ನ ಮೈ ಬಿಸಿಯಾಯಿತು. ಆಗ ನಾನು ಅಂದೆ: 'ಇಲ್ಲಿಯವರೆಗೆ ಯಾರೂ ಬಾಯಿಬಿಡದ ಒಂದು ಗುಟ್ಟನ್ನು ನಿಮಗೆ ಹೇಳುತ್ತೇನೆ. ಇದನ್ನು ನನಗೆ ಹೇಳಿದ್ದು ಹಳ್ಳಿಯ ಒಬ್ಬ ಮುದುಕಿ.' ತೂಕಡಿಸುತ್ತಿದ್ದವರೆಲ್ಲ ತಲೆಯೆತ್ತಿದರು. ನಾನು ಸೊಪ್ಪಿನ ಹೆಸರು ಹೇಳಿದೆ. ಪೆನ್ಸಿಲು ಹುಡುಕುತ್ತಿದ್ದ ಯಾರೋ 'ಇನ್ನೊಂದ್ಸಲ ಹೇಳಿ' ಎಂದರು. ಮೈಕಿಗೆ ಬಾಯಿ ಹತ್ತಿರ ತಂದು, ಬಿಡಿಸಿ ಬಿಡಿಸಿ, ಮತ್ತೊಮ್ಮೆ ಹೇಳಿದೆ. ಚಪ್ಪಾಳೆ ಬಿತ್ತು.

ಜ್ಞಾನ ಎಲ್ಲರಿಗೂ ಸೇರಬೇಕು, ಮುಚ್ಚಿಟ್ಟು ಏನು ಪ್ರಯೋಜನ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮಾತು ಸರಿಯೇ ಇರಬಹುದು. ಆದರೆ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಜ್ಞಾನವೂ ಇರಲಿಲ್ಲ, ಲೋಕವೂ ಇರಲಿಲ್ಲ. ಅಧ್ಯಕ್ಷರು ಆಕಳಿಸಿದ್ದಷ್ಟೇ ಇತ್ತು.

ದಾರಿಯಲ್ಲಿ ಅತ್ತೆ ನನ್ನ ಹಿಂದೆ ನಡೆದು ಬರುತ್ತಿದ್ದರು. ಮನೆಯ ಗೇಟಿನ ಹತ್ತಿರ ಬಂದಾಗ ಕೇಳಿದರು:

'ಅದ್ಯಾವ ಹಳ್ಳಿ ಮುದುಕಿ ಕಣಮ್ಮ, ನಿಂಗೆ ಹೇಳ್ಕೊಟ್ಟಿದ್ದು?'

ಕೊಂಕಿಲ್ಲ, ಸಿಟ್ಟಿಲ್ಲ. ನಾನು ಬೀಗದ ಕೈ ಹುಡುಕುವವಳಂತೆ ಸೆರಗಿನ ಗಂಟು ಬಿಚ್ಚುತ್ತ ನಿಂತೆ.

ಮಾರನೆಯ ದಿನವೇ ಭಾನುವಾರ. ಬೆಳಗಾದರೂ ಅತ್ತೆ ಏಳಲಿಲ್ಲ. ಹೇರೋಹಳ್ಳಿಯ ರೈತನೊಬ್ಬ ಮಗಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದ. ಹುಡುಗಿಯ ಕಣ್ಣು ಅರಿಶಿನವಾಗಿತ್ತು.

'ಅವ್ವಾರೇ, ಬಂದಿದೀನಿ' ಎಂದು ಕೂಗಿದ.

ಅತ್ತೆ ಬಾಗಿಲ ತನಕ ಬಂದು ಚೌಕಟ್ಟು ಹಿಡಿದು ನಿಂತರು. 'ನನ್ ಕೈಲಿಲ್ಲ ಕಣಪ್ಪ. ಹೋಯ್ತು. ಆಸ್ಪತ್ರೆಗೆ ಕರ್ಕಂಡೋಗು.'

'ಸೊಪ್ಪು ಹಿತ್ತಿಲಲ್ಲೇ ಇದೆಯಲ್ಲ ಅತ್ತೆ, ನಾನೇ ತಂದುಕೊಡ್ಲಾ?' ಎಂದೆ. ಅಷ್ಟು ಹೊತ್ತಿಗೆ ನನಗೂ ಹೆದರಿಕೆಯಾಗಿತ್ತು.

'ತಂದ್ಕೊಡು. ನಾ ಅರೆದ್ರೂ ಅದು ಬರೀ ಸೊಪ್ಪು' ಎಂದರು. ಅವನ ಕಡೆ ತಿರುಗಿ, ಕೈಮುಗಿದರು. ತಮ್ಮ ಮಗನಿಗಿಂತ ಚಿಕ್ಕವನಿಗೆ ಅವರು ಕೈಮುಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗಾಡಿ ಆಸ್ಪತ್ರೆಯ ಕಡೆ ಹೋಯಿತು. ಹುಡುಗಿ ಏನಾದಳೋ ನಾನು ವಿಚಾರಿಸಲಿಲ್ಲ, ವಿಚಾರಿಸಲು ಧೈರ್ಯವಿರಲಿಲ್ಲ.

ಮೂರು ನಾಲ್ಕು ವಾರ ಜನ ಬಂದರು, ಆಮೇಲೆ ನಿಂತಿತು. ಮದುವೆಗೆ, ತೊಟ್ಟಿಲಿಗೆ ಅತ್ತೆಯನ್ನು ಕರೆಯಲು ಬರುತ್ತಿದ್ದವರೂ ಕಡಿಮೆಯಾದರು. ನನ್ನವರು ಒಮ್ಮೆ 'ಅಮ್ಮನಿಗೆ ಏನಾದ್ರೂ ಅಂದ್ಯೇನೇ?' ಎಂದು ಕೇಳಿದರು. 'ನಾನೇನಂದೆ?' ಎಂದೆ. ಅತ್ತೆ ಅಲ್ಲೇ ಅಕ್ಕಿ ಆರಿಸುತ್ತ ಕೂತಿದ್ದರು. ಮುಂದೆ ಹದಿನಾಲ್ಕು ವರ್ಷ ಬದುಕಿದರು. ಭಾನುವಾರವೂ ಉಳಿದ ದಿನಗಳಂತೆಯೇ ಮುದುರಿಕೊಂಡಿರುತ್ತಿದ್ದರು.

ಅವರು ಬಿಟ್ಟರು, ನಾನು ಬಿಡಲಿಲ್ಲ. ಅದೇ ಭಾಷಣವನ್ನು ಗೋವಿಂದರಾಜನಗರದಲ್ಲಿ ಮಾಡಿದೆ, ಕೆಂಗೇರಿಯಲ್ಲಿ ಮಾಡಿದೆ. ಹಳ್ಳಿ ಮುದುಕಿ ಬರುವ ಜಾಗದಲ್ಲಿ ಸ್ವಲ್ಪ ತಡೆದು ಹೇಳಿದರೆ ಜನ ಹೆಚ್ಚು ಕಿವಿಗೊಡುತ್ತಾರೆಂದು ಕಲಿತೆ. ನನಗೆ ಶಾಲು ಹೊದಿಸಿದರು, ತಟ್ಟೆ ತುಂಬ ಹಣ್ಣು ಕೊಟ್ಟರು. ಮನೆಗೆ ತಂದ ಬಾಳೆಹಣ್ಣನ್ನು ಅತ್ತೆಗೂ ಒಂದು ಕೊಟ್ಟಿದ್ದೇನೆ. ಅವರು ತಿಂದಿದ್ದಾರೆ.

ಭಾಷಣ ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಪಾರ್ಕಿನಿಂದ ಓಡಿಬಂದ ಮರುದಿನ ವಿಜಯನಗರದ ಹಿರಿಯರ ಸಂಘದವರು ಫೋನು ಮಾಡಿದರು, ಮನೆಮದ್ದಿನ ಬಗ್ಗೆ ನಾಲ್ಕು ಮಾತು ಹೇಳಬೇಕಂತೆ. ಒಪ್ಪಿಕೊಂಡೆ. ನಿನ್ನೆ ಹೋಗಿ ಮೈಕಿನ ಮುಂದೆ ನಿಂತು, ಈವರೆಗೆ ಎಲ್ಲೂ ಹೇಳದ್ದನ್ನು ಹೇಳಿದೆ: ಹಳ್ಳಿಯ ಮುದುಕಿಯೆಂದು ನಾನು ಜೀವನವಿಡೀ ಹೇಳಿಕೊಂಡು ಬಂದವರು ನನ್ನ ಅತ್ತೆ, ಅತ್ತಿಗುಪ್ಪೆಯ ಚಿಕ್ಕತಾಯಮ್ಮ; ಅವರ ಕೈಯ ಮದ್ದನ್ನು ನಾನೇ ಹಾಳುಮಾಡಿದೆ. ಮುಂದಿನ ಸಾಲಿನಲ್ಲಿದ್ದ ಯಜಮಾನರೊಬ್ಬರು ಪೆನ್ನಿನ ಕ್ಯಾಪು ತೆಗೆದು, ಡೈರಿ ಬಿಡಿಸಿಕೊಂಡು ಅಂದರು:

'ಅದಿರ್ಲಿ ಮೇಡಂ, ಆ ಸೊಪ್ಪಿನ ಹೆಸರೇನು ಹೇಳಿ, ಬರ್ಕೋತೀವಿ.'

ಮರೆತುಹೋಗಿದೆ ಎಂದೆ.